ಒಂಬತ್ತೂ ಮುಕ್ಕಾಲು ಇಂಚಿನ ಈಳಿಗೆ

೨೦೨೩ನೆಯ ಇಸವಿ ಏಪ್ರಿಲ್ ೨೧, ಶುಕ್ರವಾರ. ಆಧಾರ: ಆ ವರ್ಷದ ನನ್ನ ದಿನಚರಿ ಮತ್ತು ಗೋಡೆಯ ಕ್ಯಾಲೆಂಡರಿನಿಂದ ಹರಿದಿಟ್ಟುಕೊಂಡ ಏಪ್ರಿಲ್ ಹಾಳೆ. ಅಂದು ನಾವು ಪುಣೆಯಿಂದ ಧಾರವಾಡಕ್ಕೆ ಹೊರಟದ್ದು ಅಮಾವಾಸ್ಯೆಯ ದಿನವೆಂದೂ, ದಾರಿಯಲ್ಲಿ ಹಾಗಾಗಲು ಅದೇ ಕಾರಣವೆಂದೂ ನನ್ನ ಹೆಂಡತಿ ಬಹಳ ದಿನ ಹೇಳುತ್ತಿದ್ದಳು. ಅಮಾವಾಸ್ಯೆ ಗುರುವಾರವೇ ಮುಗಿದಿತ್ತು. ಹಾಳೆಯನ್ನು ಅವಳ ಮುಂದೆ ಹಿಡಿದು ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, "ಹಂಗಾದ್ರ ತಿಥೀದು ತಪ್ಪಿಲ್ಲ. ಮತ್ತ ಯಾರದು?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡುವ ಸಲುವಾಗಿಯೇ ಇದನ್ನು ಬರೆಯಲು ತೊಡಗಿದೆ.

ನನ್ನ ಅತ್ತೆಯವರಿಗೆ ಗಂಡುಮಕ್ಕಳಿಲ್ಲ. ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯವಳು ನನ್ನ ಹೆಂಡತಿ. ಕಿರಿಯವಳ ಗಂಡ, ಅಂದರೆ ನನ್ನ ಷಡ್ಡಕರು, ಭೋಸರಿಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದಾರೆ. ನಾನು ಕನ್ನಡ ಮತ್ತು ಮರಾಠಿಗಳ ನಡುವೆ ಕೊಟ್ಟು ತೆಗೆದುಕೊಂಡ ಶಬ್ದಗಳ ಕೋಶವೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾಗಿ ಧನಕವಡಿಯಲ್ಲಿದ್ದೇನೆ. ಈ ಮೂವತ್ತು ವರ್ಷಗಳಲ್ಲಿ ಅತ್ತೆಯವರು ನನ್ನನ್ನು ಒಂದು ಶಬ್ದದ ಅರ್ಥವನ್ನೂ ಕೇಳಿದ್ದಿಲ್ಲ. ಅವರ ನಲ್ಲಿ ಸೋರಿದರೆ, ಮಿಕ್ಸರ್ ನಿಂತರೆ, ದೇವರ ಕೋಣೆಯ ಬಾಗಿಲು ಕಿರುಗುಟ್ಟಿದರೆ ಧಾರವಾಡದಿಂದ ಫೋನು ಬರುವುದು ಭೋಸರಿಗೆ. ಷಡ್ಡಕರು ಅಲ್ಲಿಂದಲೇ, ಯಾವ ತಿರುಪನ್ನು ಎತ್ತ ತಿರುಗಿಸಬೇಕೆಂದು ಹೇಳಿ, ಕೆಲಸ ಮಾಡಿಸುತ್ತಿದ್ದರು. ಕೊನೆಗೆ ಅತ್ತೆಯವರು "ನನ್ನ ಅಳಿಯಂದ್ರು" ಎಂದು ನೆರೆಯವರಿಗೆ ಹೇಳುವಾಗ ಅದು ಏಕವಚನವೋ ಬಹುವಚನವೋ ಎಂಬ ಸಂಶಯ ನನ್ನೊಬ್ಬನಿಗೆ ಮಾತ್ರ ಉಳಿಯಿತು.

ಈ ಅಸಮಾಧಾನದ ಮೂಲ ಕುಂಬಳಕಾಯಿಯಲ್ಲಿದೆ. ನಮ್ಮ ಕಡೆ ಇಡೀ ಕುಂಬಳಕಾಯಿಯನ್ನು ಹೆಂಗಸರು ಮೊದಲು ಒಡೆಯುವುದಿಲ್ಲ. ಮನೆಯ ಗಂಡಸು ಎರಡು ಹೋಳು ಮಾಡಿಕೊಟ್ಟ ಮೇಲೆಯೇ ಅವರು ಹೆಚ್ಚಲು ಕೂಡುವುದು. ಮಾವನವರು ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರಿಂದ ಆ ಮನೆಯಲ್ಲಿ ಈ ಅಧಿಕಾರ ಹಿರಿಯ ಅಳಿಯನದು, ಅಂದರೆ ನನ್ನದು. ಅದನ್ನು ನಾನು ಚಲಾಯಿಸಿದ್ದು ಒಂದೇ ಸಲ, ೧೯೮೮ರ ದೀಪಾವಳಿಯಲ್ಲಿ. (ಇಸವಿಯನ್ನು ಲಗ್ನಪತ್ರಿಕೆಯೊಂದಿಗೆ ತಾಳೆ ನೋಡಿದ್ದೇನೆ.) ಕತ್ತಿ ಅರ್ಧ ಇಳಿದು ಸಿಕ್ಕಿಬಿತ್ತು. ಎತ್ತಿದರೆ ಕತ್ತಿಯ ಜೊತೆಗೆ ಕಾಯಿಯೂ ಎದ್ದಿತು. ಜಾಡಿಸಿದಾಗ ಅದು ಬಿದ್ದು ಅಂಗಳದ ರಂಗೋಲಿಯ ಮೇಲೆ ಉರುಳಿತು. ಅತ್ತೆಯವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮೂರು ವರ್ಷಗಳ ಬಳಿಕ ಷಡ್ಡಕರು ಆ ಮನೆಗೆ ಅಳಿಯರಾಗಿ ಬಂದರು. ಕುಂಬಳಕಾಯಿ ಅವರ ಪಾಲಾಯಿತು. ಯಾರೂ ಯಾರನ್ನೂ ಕೇಳಲಿಲ್ಲ.

೨೦೨೩ರ ಅಕ್ಷಯ ತದಿಗೆಯಂದು, ಅಂದರೆ ಏಪ್ರಿಲ್ ೨೨ರಂದು, ಅತ್ತೆಯವರಿಗೆ ಎಂಬತ್ತು ತುಂಬಿದ್ದಕ್ಕೆ ಧಾರವಾಡದಲ್ಲಿ ಶಾಂತಿ, ಊಟ. ಅದಕ್ಕೆ ಒಂದು ತಿಂಗಳು ಮುಂಚೆ ಅವರ ಹಳೆಯ ಈಳಿಗೆಯ ಅಲಗು ಸವೆದು ಮುರಿದಿತ್ತು. ಫೋನು, ಎಂದಿನಂತೆ, ಭೋಸರಿಗೆ ಹೋಯಿತು. ಷಡ್ಡಕರು ಲಾರಿಯ ಕಮಾನು ಪಟ್ಟಿಯ ಉಕ್ಕನ್ನು ಕಾಯಿಸಿ, ಬಾಗಿಸಿ, ಮಸೆದು, ಸಾಗವಾನಿ ಮಣೆಯೊಂದಕ್ಕೆ ಕೂಡಿಸಿದರು. ಹೊರಡುವ ಹಿಂದಿನ ಭಾನುವಾರ ಅದನ್ನು ತೋರಿಸಲು ನಮ್ಮ ಮನೆಗೆ ತಂದರು. ಅಲಗು ಮಣೆಗೆ ತಿರುಪಿನಿಂದ ಕೂಡುವಂತಿತ್ತು. ಬೇಕಾದಾಗ ಬಿಚ್ಚಿ ಬೇರೆ ಇಡಬಹುದು. ಸುಂದರವಾದ ಕೆಲಸ. ನಾನು ಅದನ್ನು ಹೊಗಳಬೇಕಾಗಿತ್ತು. ಬದಲಿಗೆ ಮೇಜಿನ ಖಾನೆಯಿಂದ ಉಕ್ಕಿನ ಅಳತೆಪಟ್ಟಿಯನ್ನು ತೆಗೆದು ಅಲಗನ್ನು ಅಳೆದೆ.

"ಒಂಬತ್ತೂ ಮುಕ್ಕಾಲು ಇಂಚು," ಎಂದೆ. "ಅಗಲ ಎರಡೂ ಕಾಲು."

"ಕಮ್ಮಿ ಆತೇನ್ರಿ, ಅಣ್ಣಾರ?" ಎಂದರು ಅವರು. ನನ್ನನ್ನು ಅವರು ಕರೆಯುವುದೇ ಹಾಗೆ.

"ಹೆಚ್ಚಾಯಿತು. ಕಾಯ್ದೆಗೆ."

ಈ ಕಾಯ್ದೆಯನ್ನು ನಾನು ಓದಿದ್ದು ಅದೇ ವಾರ. ಓದಲು ಯಾರೂ ಹೇಳಿರಲಿಲ್ಲ. ಶಸ್ತ್ರಾಸ್ತ್ರ ಕಾಯ್ದೆ ೧೯೫೯ರದು, ಅದು ಕೇಂದ್ರದ್ದು, ಆದ್ದರಿಂದ ಪುಣೆಗೂ ಧಾರವಾಡಕ್ಕೂ ಒಂದೇ. ಈಗ ಜಾರಿಯಲ್ಲಿರುವ ನಿಯಮಗಳು ೨೦೧೬ರವು. ಅವುಗಳ ಮೊದಲ ಅನುಸೂಚಿಯ ಐದನೆಯ ವರ್ಗದಲ್ಲಿ ಖಡ್ಗ, ಕಠಾರಿ, ಭರ್ಚಿಗಳ ಸಾಲಿನಲ್ಲಿ ಚಾಕುಗಳೂ ಬರುತ್ತವೆ. ಮಿತಿ ಒಂಬತ್ತು ಇಂಚು ಉದ್ದ, ಎರಡು ಇಂಚು ಅಗಲ. ಆದರೆ ಅದೇ ವಾಕ್ಯದ ಮುಂದಿನ ಭಾಗದಲ್ಲಿ, ಮನೆಗೆಲಸ, ಬೇಸಾಯ, ವಿಜ್ಞಾನ ಅಥವಾ ಉದ್ಯಮಕ್ಕಾಗಿ ಮಾಡಿದ ಉಪಕರಣಗಳನ್ನು ಹೊರತುಪಡಿಸಿದೆ. ಇದಲ್ಲದೆ ರಾಜ್ಯಗಳ ಪೊಲೀಸ್ ಕಾಯ್ದೆಗಳು ಬೇರೆ ಬೇರೆ. ಮಹಾರಾಷ್ಟ್ರದ್ದರ ಮೂವತ್ತೇಳನೆಯ ಕಲಮಿನಂತೆ ಅಲ್ಲಲ್ಲಿ, ಆಗಾಗ, ಚಾಕು ಬಡಿಗೆಗಳನ್ನು ಹಿಡಿದು ಓಡಾಡಬಾರದೆಂಬ ಆಜ್ಞೆ ಹೊರಡುತ್ತದೆ. ಕರ್ನಾಟಕದ್ದರಲ್ಲೂ ಅಂಥದೇ ಒಂದು ಕಲಮು ಉಂಟು. ದಿಲ್ಲಿಯಲ್ಲಿ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಚಾಕುವಿಗೆ ಸೆಂಟಿಮೀಟರುಗಳಲ್ಲಿ ಬೇರೆಯೇ ಲೆಕ್ಕ. ಇದೆಲ್ಲವನ್ನೂ ಒಂದೂವರೆ ಪುಟದ ಟಿಪ್ಪಣಿಯಾಗಿ ಬರೆದಿಟ್ಟಿದ್ದೆ. ಅಂದು ಅದನ್ನು ಮೂವರ ಮುಂದೆ ಪೂರ್ತಿಯಾಗಿ ಓದಿದೆ: ಷಡ್ಡಕರು, ಅವರ ಹೆಂಡತಿ, ನನ್ನ ಹೆಂಡತಿ.

ನಾದಿನಿ ಮಧ್ಯದಲ್ಲಿ ಆಕಳಿಸಿದಳು. ಷಡ್ಡಕರು ಮಾತ್ರ ಗಮನವಿಟ್ಟು ಕೇಳಿ, "ಅಣ್ಣಾರ, ಕುಂಬಳಕಾಯಿಗೆ ಕಾಯ್ದೆ ಗೊತ್ತಿರೂದಿಲ್ರಿ. ಒಂಬತ್ತ ಇಂಚಿಗೆ ನಿಂತ್ರ ಅದು ಅರ್ಧಾನೂ ಒಡಿಯೂದಿಲ್ಲ," ಎಂದರು. ಆಮೇಲೆ ಗಂಭೀರವಾಗಿ, "ಅಂದ್ರ ಒಯ್ಯಬಹುದೇನ್ರಿ, ಬ್ಯಾಡೇನ್ರಿ?" ಎಂದು ಕೇಳಿದರು.

"ಒಯ್ಯಬಹುದು. ಮನೆಗೆಲಸದ ಉಪಕರಣ," ಎಂದೆ.

"ಹಂಗಾದ್ರ ಇಷ್ಟೆಲ್ಲಾ ಯಾಕ ಓದಿದ್ರಿ?" ಎಂದಳು ನನ್ನ ಹೆಂಡತಿ. ಮೂವರೂ ನಕ್ಕರು. ಷಡ್ಡಕರ ನಗೆಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಅವರ ಕಾರಿನಲ್ಲಿ ಹೊರಟೆವು. ಅವರು ಸ್ಟಿಯರಿಂಗಿನಲ್ಲಿ, ನಾನು ಪಕ್ಕದಲ್ಲಿ, ಅಕ್ಕತಂಗಿಯರು ಹಿಂದೆ. ಅಲಗನ್ನು ಮಣೆಯಿಂದ ಬಿಚ್ಚಿ, ಮರಾಠಿ ಪತ್ರಿಕೆಯಲ್ಲಿ ಸುತ್ತಿ, ಮೇಲೊಂದು ಹಳೆಯ ಸೀರೆಯ ತುಂಡು ಕಟ್ಟಿ ಡಿಕ್ಕಿಯಲ್ಲಿಟ್ಟಿದ್ದರು. ಮಣೆ ಎಲ್ಲಿಯೋ ಚೀಲಗಳ ಅಡಿಗಿತ್ತು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಒಂದೇ ಮಾತು: ಅವ್ವ ಈಳಿಗೆಯನ್ನು ನೋಡಿ ಏನು ಅನ್ನುತ್ತಾಳೆ. ನನ್ನ ಚೀಲದಲ್ಲಿ ಅತ್ತೆಯವರಿಗೆಂದು ನಾನು ಒಯ್ಯುತ್ತಿದ್ದ ಉಡುಗೊರೆಯೂ ಇತ್ತು: ನಾನು ಸಂಪಾದಿಸಿದ ಕೋಶದ ಅಡುಗೆಮನೆಯ ಶಬ್ದಗಳ ಸಂಪುಟ, ದಪ್ಪ ಅಕ್ಷರದ ಪ್ರತಿ. ಅದರ ಬಗ್ಗೆ ಯಾರೂ ಕೇಳಲಿಲ್ಲ. ನಾಳೆ ಕುಂಬಳಕಾಯಿಯ ಮುಂದೆ ಷಡ್ಡಕರು ತಾವೇ ಮಾಡಿದ ಈಳಿಗೆ ಹಾಕಿಕೊಂಡು ಕೂಡುವ ಚಿತ್ರ ಮಾತ್ರ ಕರಾಡ ದಾಟುವವರೆಗೂ ನನ್ನ ಕಣ್ಣ ಮುಂದಿತ್ತು.

ಕರ್ನಾಟಕದಲ್ಲಿ ವಿಧಾನಸಭೆಯ ಚುನಾವಣೆ ಹತ್ತಿರವಾಗಿತ್ತು. ಗಡಿಯ ಎರಡೂ ಕಡೆ ತಪಾಸಣೆ ನಡೆದಿತ್ತು. ಕೊಲ್ಲಾಪುರ ದಾಟಿ ಸ್ವಲ್ಪ ಮುಂದೆ, ಇನ್ನೂ ಮಹಾರಾಷ್ಟ್ರದಲ್ಲಿಯೇ, ತಪಾಸಣೆಯ ನಾಕಾದಲ್ಲಿ ನಮ್ಮನ್ನು ನಿಲ್ಲಿಸಿದರು. ಷಡ್ಡಕರು ಕಾರಿನ ಕಾಗದಗಳನ್ನು ತೋರಿಸಲು ರಸ್ತೆಯ ಆಚೆಯ ಮೇಜಿನ ಹತ್ತಿರ ಹೋದರು. ತರುಣ ಪೇದೆಯೊಬ್ಬ ಡಿಕ್ಕಿ ತೆಗೆಸಿ, ಸೀರೆಯ ಗಂಟನ್ನು ಬಿಚ್ಚಿದ. ಮಣೆಯಿಲ್ಲದ, ಬಾಗಿದ, ಮಸೆದ ಉಕ್ಕು ಬಿಸಿಲಿನಲ್ಲಿ ಹೊಳೆಯಿತು.

"ಹೇ ಕಾಯ್ ಆಹೆ, ಕಾಕಾ?" ಇದೇನು ಎಂದು ಅವನು ಕೇಳಿದ್ದು ನನ್ನನ್ನು.

ಇಲ್ಲಿಂದ ಮುಂದಿನದನ್ನು ನಾನು ಎರಡು ವರ್ಷ ಹೇಗೆ ಹೇಳಿಕೊಂಡು ಬಂದೆನೋ ಹಾಗೆಯೇ ಮೊದಲು ಬರೆಯುತ್ತೇನೆ. ನಾನು ಗಾಬರಿಯಲ್ಲಿ ಹೆಂಡತಿಯ ಕಡೆ ತಿರುಗಿ, ಕನ್ನಡದಲ್ಲಿ, "ಇದರಾಗ ಕಾಯಿಪಲ್ಲೆ ಕೊಯ್ತಾರ ಅಂತ ಹೇಳು," ಎಂದೆ. ಪೇದೆಯ ಕಿವಿಗೆ ಬಿದ್ದದ್ದು 'ಕೊಯ್ತಾ' ಎಂಬಷ್ಟೇ. ಮರಾಠಿಯಲ್ಲಿ ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆ ವರ್ಷ ಪುಣೆಯ ಪತ್ರಿಕೆಗಳಲ್ಲಿ ಓಣಿಯ ಪುಂಡರು ಕೊಯ್ತಾ ಹಿಡಿದು ಅಂಗಡಿ ಒಡೆದ ಸುದ್ದಿ ಮೇಲಿಂದ ಮೇಲೆ ಬರುತ್ತಿತ್ತು. ಪುಣೆಯ ನಂಬರಿನ ಕಾರು, ಬಾಯಲ್ಲಿ ಕೊಯ್ತಾ ಎಂಬ ಮಾತು, ಕೈಯಲ್ಲಿ ಬಾಗಿದ ಅಲಗು. ಪೇದೆ ಎರಡು ಹೆಜ್ಜೆ ಹಿಂದೆ ಸರಿದು, "ಸಾಹೇಬ, ಹಿಕಡೆ ಯಾ!" ಎಂದು ಮೇಲಿನವರನ್ನು ಕೂಗಿದ. ನಾನು ನಿಯಮವನ್ನು ಪೂರ್ತಿಯಾಗಿ ವಿವರಿಸಿದೆ. ಆದರೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಮುಂದಿನದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪೊಲೀಸರು ತಮ್ಮ ಕರ್ತವ್ಯ ಮಾಡಿದರು, ಒರಟಾಗಿ ವರ್ತಿಸಲಿಲ್ಲ. ಷಡ್ಡಕರು ಓಡಿ ಬಂದು, ಚೀಲಗಳನ್ನು ಕೆಳಗಿಳಿಸಿ, ಮಣೆಯನ್ನು ಹುಡುಕಿ ತೆಗೆದು, ರಸ್ತೆಯ ಪಕ್ಕದಲ್ಲಿಯೇ ಕೂತು ಅಲಗು ಕೂಡಿಸಿ, "ವಿಳಿ ಸಾಹೇಬ, ಸಾಸೂಬಾಯಿಂಚಿ ವಿಳಿ," ಅತ್ತೆಯವರ ಈಳಿಗೆ, ಎಂದು ತೋರಿಸಿದರು. ಮರಾಠಿಯಲ್ಲಿ ಈಳಿಗೆಗೆ ವಿಳಿ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಕಾಗದದ ಮೇಲೆ ಬರಹ ಬಿದ್ದಾಗಿತ್ತು. ಬರೆದದ್ದನ್ನು ಅಳಿಸಲು ಬರುವುದಿಲ್ಲ, ಮೇಲಿನ ಅಧಿಕಾರಿಗಳು ಸಂಜೆಗೆ ಬಂದು ನೋಡಿ ಬಿಡಬೇಕು ಎಂದರು. ಷಡ್ಡಕರು ಹೆಂಡತಿಯ ಕೈಗೆ ಕಾರಿನ ಕೀಲಿ ಕೊಟ್ಟು, "ನೀವು ಮೂರೂ ಮಂದಿ ಹೋಗ್ರಿ. ನಾ ಇದನ್ನ ಬಿಡಿಸ್ಕೊಂಡ ಬಸ್ಸಿಗೆ ಬರ್ತೀನಿ," ಎಂದರು.

"ಒಂದು ಈಳಿಗೆಗೆ ಇಡೀ ದಿನವೇ?" ಎಂದೆ ನಾನು.

"ಅವ್ವನಿಗೆ ಮಾತ ಕೊಟ್ಟೀನಲ್ರಿ, ಅಣ್ಣಾರ."

ಕಾರನ್ನು ನಾದಿನಿ ನಡೆಸಿದಳು. ಆ ಮನೆಯವರಿಗೆಲ್ಲ ಏನಾದರೊಂದು ನಡೆಸಲು ಬರುತ್ತದೆ. ನನಗೆ ಆಗ ಅನಿಸಿದ್ದನ್ನು ಮರೆಮಾಚುವುದಿಲ್ಲ. ನಾಳೆ ಬೆಳಿಗ್ಗೆ ಆ ಮನೆಯಲ್ಲಿ ಅಳಿಯನೆಂಬವನು ನಾನೊಬ್ಬನೇ ಇರುತ್ತೇನೆ ಎಂಬ ಲೆಕ್ಕ ನನ್ನ ಮನಸ್ಸಿನಲ್ಲಿ ಮುಗಿದಿತ್ತು.

ಶನಿವಾರ ಎಂಟೂವರೆಗೆ ಅತ್ತೆಯವರು ಸ್ನಾನ ಮುಗಿಸಿ, ಕುಂಬಳಕಾಯಿಗೆ ಅರಿಷಿಣ ಕುಂಕುಮ ಹಚ್ಚಿ ಪಡಸಾಲೆಯಲ್ಲಿ ಇಡಿಸಿದರು. ಅಡಿಗೆಯವರು ಎರಡು ಸಲ ಬಂದು, "ಅಮ್ಮಾರ, ಹುಳಿಗೆ ಹೊತ್ತಾತ್ರಿ," ಎಂದು ಹೇಳಿ ಹೋದರು. ನಾನು ಪಕ್ಕದ ಮನೆಯಿಂದ ದೊಡ್ಡದೊಂದು ಚಾಕು ತರಿಸಿ, ತೋಳು ಮಡಚಿ, ಮುಂದೆ ಬಂದೆ.

"ನಾ ಒಡಿಯಲೇನ್ರಿ, ಅತ್ತೀ?"

ಅವರು ನನ್ನ ಕೈಯಲ್ಲಿದ್ದ ಚಾಕು ನೋಡಿದರು, ನನ್ನನ್ನು ನೋಡಿದರು. ಅವರ ದನಿಯಲ್ಲಿ ಅಕ್ಕರೆಯೇ ಇತ್ತು. "ಬ್ಯಾಡ್ರಿ, ನೀವು ಅಲ್ಲೆ ಫ್ಯಾನಿನ ಕೆಳಗ ಪೇಪರ ಓದ್ಕೋತ ಕೂಡ್ರಿ. ಕೈ ಕೊಯ್ಕೊಂಡ್ರ ಹಬ್ಬದ ದಿನ ಭಾಳ ತ್ರಾಸ. ಅವರು ಬರ್ತಾರ."

"ಬರದಿದ್ದರೆ?"

"ಬರ್ತಾರ."

ಅಡಿಗೆಯವರು ಹುಳಿ ಬಿಟ್ಟು ಪಲ್ಯಕ್ಕೆ ತೊಡಗಿದರು. ನಾನು ಪತ್ರಿಕೆ ಹಿಡಿದು ಕೂತೆ. ಒಂಬತ್ತೂ ಐವತ್ತಕ್ಕೆ ಆಟೋ ನಿಂತ ಸದ್ದಾಯಿತು. ಷಡ್ಡಕರು ಒಳಗೆ ಬಂದರು. ಅಂಗಿ ಮುದುಡಿತ್ತು, ಕಂಕುಳಲ್ಲಿ ಈಳಿಗೆ. ಇಡೀ ಪಡಸಾಲೆ ಎದ್ದು ನಿಂತಿತು. ಅವರು ಹೇಳಿದ ಕಥೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು: ನಾಕಾದ ಅಡ್ಡಗಂಬದ ತಿರುಗಣಿ ಕೆಟ್ಟಿತ್ತಂತೆ, ಇವರು ಕೂತಲ್ಲಿಯೇ ಅದನ್ನು ಸರಿಮಾಡಿಕೊಟ್ಟರಂತೆ. ಸಂಜೆ ಅಧಿಕಾರಿ ಬಂದು, ಈಳಿಗೆಯನ್ನು ನೋಡಿ, ತಮ್ಮ ತಾಯಿಗೂ ಇಂಥದೊಂದು ಆಗಬೇಕಿತ್ತು ಎಂದರಂತೆ. ಬಸ್ಸು ತಪ್ಪಿದ್ದಕ್ಕೆ ಅದೇ ತರುಣ ಪೇದೆ ತನ್ನ ಕೋಣೆಯಲ್ಲಿ ಮಲಗಿಸಿಕೊಂಡು ಬೆಳಗಿನ ಬಸ್ಸು ಹತ್ತಿಸಿದನಂತೆ. ಕೈಕಾಲು ತೊಳೆದು ಬಂದು ಅವರು ಮಣೆಯ ಮೇಲೆ ಕಾಲಿಟ್ಟು ಕೂತರು. ಕಾಯಿ ಒಂದೇ ಒತ್ತಿಗೆ ಎರಡಾಯಿತು. ಅತ್ತೆಯವರು ಆ ಅಲಗಿನ ಬೆನ್ನನ್ನು ಮಗುವಿನ ಬೆನ್ನು ಸವರಿದಂತೆ ಸವರಿದರು. ನನ್ನ ಪುಸ್ತಕವನ್ನು ಮಧ್ಯಾಹ್ನ ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಕೋಣೆಯಲ್ಲಿಟ್ಟರು. ಅದನ್ನು ತೆರೆಯಲಿಲ್ಲ.

ಪುಣೆಗೆ ಮರಳಿದ ಮೇಲೆ, ಒಂದು ಬೆಳಿಗ್ಗೆ ಚಹಾ ಕುಡಿಯುವಾಗ, ನನ್ನ ಹೆಂಡತಿ ಕೇಳಿದಳು: "ಅಲ್ರೀ, ಇಷ್ಟ ವರ್ಷ ಪುಣೆದಾಗ ಇದ್ದೀರಿ. ಶಬ್ದದ್ದೇ ನಿಮ್ಮ ಕೆಲಸ. ಅವತ್ತ ವಿಳಿ ಅನ್ನೂದು ಬಾಯಾಗ ಬರಲಿಲ್ಲೇನ್ರಿ?"

ನಾನು ಕೊಯ್ತಾರ ಎಂಬ ಕನ್ನಡ ಕ್ರಿಯಾಪದದ ಕಥೆ ಹೇಳಿದೆ.

"ನನಗ ಹಂಗ ಅಂದದ್ದು ನೆನಪಿಲ್ಲ," ಎಂದಳು. "ನೀವು ನನ್ನ ಕಡೆ ತಿರಗಲೇ ಇಲ್ಲ."

"ನೀನು ಗಾಬರಿಯಲ್ಲಿದ್ದೆ."

"ಇರಬಹುದು." ಅವಳು ಕಪ್ಪು ಎತ್ತಿಕೊಂಡು ಒಳಗೆ ಹೋದಳು. ನಾನು ಬೇಕೆಂದೇ ಹಾಗೆ ಮಾಡಿದೆನೆಂದು ಅವಳು ಎಂದೂ ಹೇಳಿಲ್ಲ. ಹೇಳಿದ್ದರೆ ಅಲ್ಲಗಳೆಯಬಹುದಿತ್ತು. ಅಂದಿನಿಂದ ತಂಗಿಯ ಮನೆಗೆ ಹೊರಟಾಗ ಮಾತ್ರ ನನ್ನನ್ನು ಕರೆಯುವುದನ್ನು ಬಿಟ್ಟಳು. ಬೇಸರದಿಂದಲ್ಲ, ಮುನ್ನೆಚ್ಚರಿಕೆಯಿಂದ, ಎಂಬಂತೆ. ಹೆಂಡತಿ ನನ್ನನ್ನು ನಂಬಬೇಕು ಎಂಬುದೊಂದೇ ಆಗ ನನಗೆ ಬೇಕಾಗಿದ್ದದ್ದು. ಅದಕ್ಕಾಗಿ ಆ ಕಥೆಯನ್ನು ಅವಳೆದುರಿಗೆ ಬಂಧುಗಳಿಗೆ ಹೇಳಿದೆ, ಪಿಂಪ್ರಿಯಲ್ಲಿ ಸೇರಿದ್ದ ಕನ್ನಡಿಗರ ಸಭೆಯೊಂದರಲ್ಲಿ ಎರಡು ಭಾಷೆಗಳ ನಡುವಿನ ತಮಾಷೆಯ ಉದಾಹರಣೆಯಾಗಿಯೂ ಹೇಳಿದೆ. ಜನ ನಕ್ಕರು. ಷಡ್ಡಕರೂ ಆ ಸಭೆಯಲ್ಲಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು, ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ನಗಲಿಲ್ಲ.

ಈ ಬರಹಕ್ಕೆ ಕುಳಿತಾಗ ನಾಕಾದಲ್ಲಿ ನಮ್ಮನ್ನು ನಿಲ್ಲಿಸಿದ ವೇಳೆಯ ಬಗ್ಗೆ ಸಂದೇಹ ಬಂತು. ದಿನಚರಿಯಲ್ಲಿ 'ಮಧ್ಯಾಹ್ನ' ಎಂದಿದೆ, ಹೆಂಡತಿ ಹನ್ನೊಂದು ಗಂಟೆ ಎನ್ನುತ್ತಾಳೆ. ಈಳಿಗೆಯನ್ನು ಬಿಡಿಸಿಕೊಂಡಾಗ ಕೊಟ್ಟ ಕಾಗದದಲ್ಲಿ ವೇಳೆ ಇರಲೇಬೇಕು ಎಂದು ಕಳೆದ ತಿಂಗಳು ಭೋಸರಿಗೆ ಹೋದೆ. ಗ್ರೈಂಡರಿನ ಸದ್ದಿನ ನಡುವೆ ವಿಷಯ ಹೇಳಿದೆ.

ಷಡ್ಡಕರು ಯಂತ್ರ ನಿಲ್ಲಿಸಿ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ, "ಅಣ್ಣಾರ, ಆ ಕಾಗದ ಯಾಕ ಬೇಕ್ರಿ? ಟೈಮ್ ನಾನೇ ಹೇಳ್ತೀನಿ. ಹನ್ನೆರಡರ ಸುಮಾರು. ಬರ್ಕೋರಿ," ಎಂದರು.

"ಸುಮಾರು ಸಾಲದು. ಕಾಗದ ನೋಡಬೇಕು."

"ಎಲ್ಲಿ ಇಟ್ಟೀನೋ ಏನೋ..."

"ನೀವು ಕಾಗದ ಕಳೆಯುವವರಲ್ಲ."

ಅವರು ಕಪಾಟಿನಿಂದ ಒಂದು ಫೈಲು ತೆಗೆದು ಮೇಜಿನ ಮೇಲಿಟ್ಟು, "ಚಾ ಹೇಳಿ ಬರ್ತೀನ್ರಿ," ಎಂದು ಹೊರಗೆ ಹೋದರು. ಚಹಾ ಹೇಳಲು ಅವರು ಬಾಗಿಲಲ್ಲಿ ನಿಂತು ಕೂಗಿದರೆ ಸಾಕಾಗುತ್ತಿತ್ತು.

ಫೈಲಿನಲ್ಲಿ ಎರಡು ಹಾಳೆಗಳಿದ್ದವು. ಮೊದಲನೆಯದು ವಸ್ತು ಮರಳಿಸಿದ ರಸೀತಿ. ಎರಡನೆಯದು ಜಬಾಬು, ಅಂದರೆ ಪೊಲೀಸರು ಬರೆಸಿಕೊಳ್ಳುವ ಹೇಳಿಕೆ. ಅದರ ನೆರಳಚ್ಚು ಪ್ರತಿ ಅದು, ನಾಲ್ಕಾಗಿ ಮಡಚಿದ್ದು, ಮಡಿಕೆಗಳಲ್ಲಿ ಯಂತ್ರದ ಎಣ್ಣೆಯ ಬೆರಳಚ್ಚು. ಅಂದರೆ ಅವರು ಅದನ್ನು ಓದಿದ್ದಾರೆ. ಎರಡು ವರ್ಷ ಅದನ್ನಿಟ್ಟುಕೊಂಡು, ಸಭೆಯಲ್ಲಿ ನನ್ನ ಕಥೆಗೆ ನಕ್ಕು ಚಪ್ಪಾಳೆ ತಟ್ಟಿದ್ದಾರೆ. ತಮ್ಮ ಹೆಂಡತಿಗೂ ತೋರಿಸಿರಲಾರರು. ತೋರಿಸಿದ್ದರೆ ಅದು ಅದೇ ದಿನ ಅಕ್ಕನಿಗೆ ತಲುಪುತ್ತಿತ್ತು. ನನಗೆ ಆಗ ಬಂದದ್ದು ಕೃತಜ್ಞತೆಯಲ್ಲ. ಈ ಮನುಷ್ಯನಿಗೆ ಇದೂ ಬರುತ್ತದಲ್ಲ ಎಂಬ ಹಳೆಯ ಹೊಟ್ಟೆಕಿಚ್ಚೇ.

ಜಬಾಬಿನ ವಿವರವನ್ನು ಇಲ್ಲಿ ದಾಖಲಿಸುತ್ತೇನೆ. ತಾರೀಖು ೨೧-೪-೨೦೨೩, ವೇಳೆ ಹನ್ನೆರಡೂ ಹತ್ತು. ಬರಹ ಪೇದೆಯದಲ್ಲ, ನನ್ನದು. ದೇವನಾಗರಿ ಲಿಪಿ, ಶುದ್ಧ ಮರಾಠಿ, ಕೊನೆಯಲ್ಲಿ ನನ್ನ ಸಹಿ. ಹೇಳಿಕೆಯನ್ನು ನಾನೇ ಬರೆದುಕೊಡುತ್ತೇನೆಂದು ಪೆನ್ನು ಕೇಳಿ ತೆಗೆದುಕೊಂಡದ್ದು ಸಹಿ ನೋಡಿದ ಮೇಲೆ ನೆನಪಾಯಿತು. ಅದರ ಮಾತುಗಳು ಕನ್ನಡಕ್ಕೆ ತಂದರೆ ಹೀಗಿವೆ: "ಸದರಿ ವಸ್ತು ಕೊಯ್ತಾ ಆಗಿದೆ. ಅಲಗಿನ ಉದ್ದ ಒಂಬತ್ತೂ ಮುಕ್ಕಾಲು ಇಂಚು, ಅಗಲ ಎರಡೂ ಕಾಲು ಇಂಚು. ಶಸ್ತ್ರ ನಿಯಮಗಳಂತೆ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಅಲಗುಗಳು ಐದನೆಯ ವರ್ಗಕ್ಕೆ ಸೇರುತ್ತವೆ. ವಸ್ತು ನನ್ನದಲ್ಲ, ನನ್ನ ಷಡ್ಡಕರದು." ನಿಯಮದ ವಾಕ್ಯ 'ಸೇರುತ್ತವೆ' ಎಂಬಲ್ಲಿ ಮುಗಿದು ಪೂರ್ಣವಿರಾಮ ಬಿದ್ದಿದೆ. ಮನೆಗೆಲಸದ ಉಪಕರಣಗಳನ್ನು ಹೊರತುಪಡಿಸುವ ಭಾಗ ಅದರಲ್ಲಿಲ್ಲ, ಬಿಟ್ಟದ್ದನ್ನು ಸೂಚಿಸುವ ಚುಕ್ಕೆಗಳೂ ಇಲ್ಲ. ಕನ್ನಡದ ಕ್ರಿಯಾಪದ ಯಾವುದೂ ಅದರಲ್ಲಿ ಬರುವುದಿಲ್ಲ.